ಜರಿ ಕೋಟಿನವನು

ಅವನಿಗೆ ಎರಡು ಹೆಸರು. ಒಂದು ಅಪ್ಪ ಅಮ್ಮ ತೊಟ್ಟಿಲಲ್ಲಿ ಹಾಕಿ ಕರೆದದ್ದು, ಇನ್ನೊಂದು ತಾನೇ ಇಟ್ಟುಕೊಂಡು ಪೋಸ್ಟರುಗಳಲ್ಲಿ ಮಿಂಚಿನ ಅಕ್ಷರದಲ್ಲಿ ಬರೆಸಿದ್ದು. ಎರಡನ್ನೂ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಡಲ್ಲಾಸಿನ ಯಾರಾದರೂ ಆಂಟಿ ಫೋನ್ ಮಾಡಿ, "ಅಯ್ಯೋ, ಅವನಾ? ನನಗೆ ಮೊದಲೇ ಗೊತ್ತಿತ್ತು ಕಣ್ರೀ" ಎಂದು ಶುರುಮಾಡುತ್ತಾರೆ. ಅವರಿಗೆ ಮಣ್ಣೂ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಇಲ್ಲಿಯವರು ಆಡಿದ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿದೆ. ಕುಡಿದು ಹಾಳಾದ ಎಂದರು, ಹೆಣ್ಣಿಗನಂತಿದ್ದ ಎಂದರು, ಅಪ್ಪನಿಗೊಂದು ಮಾತೂ ಹೇಳದೆ ಸತ್ತ ಎಂದರು. ಕೊನೆಯದನ್ನು ಮಾತ್ರ ನಾನು ಸಹಿಸುವುದಿಲ್ಲ.

ಆಗ ನಾವು ಡಲ್ಲಾಸಿಗೆ ಅಂಟಿಕೊಂಡ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು. ನಮ್ಮ ಯಜಮಾನರ ಆಫೀಸು ಎಲ್‌ಬಿಜೆ ಫ್ರೀವೇ ಪಕ್ಕದಲ್ಲೇ; ನಾನು ಮನೆಯಲ್ಲಿ ಕೂತು ಪರಿಚಯದವರಿಗೆ ರವಿಕೆ ಹೊಲಿದುಕೊಡುತ್ತಿದ್ದೆ. ಒಂದು ಶನಿವಾರ ಬಾಗಿಲು ತೆರೆದರೆ ಆರಡಿ ಎತ್ತರದ ಹುಡುಗ. ಉಗುರಿಗೆ ಕಪ್ಪು ಬಣ್ಣ, ಕಣ್ಣಿಗೆ ಕಾಡಿಗೆ, ಕೈಯಲ್ಲಿ ತರಕಾರಿ ಅಂಗಡಿಯ ಕಾಗದದ ಚೀಲ. ಚೀಲದೊಳಗೆ ಕುಂಕುಮ ಬಣ್ಣದ ರೇಷ್ಮೆ ಸೀರೆ, ಅಂಗೈ ಅಗಲದ ಜರಿ ಅಂಚು.

"ಬ್ಲೌಸ್ ಯಾರಿಗಪ್ಪಾ? ಹೆಂಡತಿಗಾ?" ಎಂದೆ.

"ಬ್ಲೌಸ್ ಅಲ್ಲ ಆಂಟಿ. ಕೋಟು. ನನಗೇ. ಸ್ಟೇಜ್ ಮೇಲೆ ಹಾಡುವಾಗ ಹಾಕ್ಕೊಳ್ಳೋಕೆ."

ಅವನು ಮಾತಾಡುತ್ತಿದ್ದದ್ದು ಬಹುಪಾಲು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಆದರೆ ನಡುನಡುವೆ "ಹೌದ್ರಿ", "ಬ್ಯಾಡ್ರಿ", "ಹಸಿವಿ ಆಗ್ಯದ" ಎಂದು ಧಾರವಾಡದ ಕನ್ನಡ ಉದುರುತ್ತಿತ್ತು, ಅದೂ ಪುಟ್ಟ ಮಕ್ಕಳ ಕನ್ನಡ. ಹುಟ್ಟಿ ಬೆಳೆದದ್ದು ಹೂಸ್ಟನ್ನಿನಲ್ಲಿ. ಅಪ್ಪ ಅಲ್ಲಿ ಎಣ್ಣೆ ಕಂಪನಿಯಲ್ಲಿ ಇಂಜಿನಿಯರು. ಕನ್ನಡ ಮಾತಾಡುತ್ತಿದ್ದ ಅಮ್ಮ ಅವನು ಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರಂತೆ. ಅವನ ಕನ್ನಡವೂ ಆ ವಯಸ್ಸಿಗೇ ನಿಂತುಬಿಟ್ಟಿತ್ತು.

"ಇದು ಯಾರ ಸೀರೆಯೋ?"

"ಅಮ್ಮಂದು."

"ಅಮ್ಮನ ಸೀರೆಗೆ ಕತ್ತರಿ ಹಾಕು ಅಂತೀಯಲ್ಲೋ, ಬುದ್ಧಿ ನೆಟ್ಟಗಿದೆಯಾ ನಿನಗೆ?"

ಅವನು ಸೀರೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿ ತೋರಿಸಿದ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟು ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳುತ್ತಿತ್ತು. "ಪೆಟ್ಟಿಗೆಯಲ್ಲೇ ಇದ್ರೆ ಇನ್ನೆರಡು ವರ್ಷಕ್ಕೆ ಚೂರುಚೂರು. ಅಮ್ಮನಿಗೆ ಲೈಟು, ಮೈಕು, ಜನ ಎಲ್ಲ ಇಷ್ಟ ಇತ್ತು ಆಂಟಿ. ಕಾಲೇಜಲ್ಲಿ ನಾಟಕ ಮಾಡ್ತಿದ್ಲಂತೆ. ಮದುವೆ ಆದ್ಮೇಲೆ ಬಿಟ್ಲು" ಎಂದ. ನಾನು ಸುಮ್ಮನೆ ಟೇಪು ತೆಗೆದು ಅವನ ಭುಜದ ಅಳತೆ ಹಿಡಿದೆ.

ಏನು ಹಾಡುತ್ತೀಯ ಎಂದು ಕೇಳಿದ್ದಕ್ಕೆ ಗ್ಲಾಮ್ ರಾಕ್ ಎಂದ. ಹಾಗಂದರೇನು? "ಗಂಡಸರು ಹೆಂಗಸರ ಥರ ಅಲಂಕಾರ ಮಾಡ್ಕೊಂಡು, ಎತ್ತರದ ಬೂಟು ಹಾಕ್ಕೊಂಡು, ಗಂಟಲು ಹರಿಯೋ ಹಾಗೆ ಹಾಡೋದು."

"ಅಯ್ಯೋ, ಇಷ್ಟೇನಾ? ನಮ್ಮ ಕಡೆ ನಾಟಕದ ಕಂಪನಿಯವರು ನಮ್ಮಜ್ಜಿ ಕಾಲದಲ್ಲೇ ಇದನ್ನೆಲ್ಲ ಮಾಡಿ ಬಿಟ್ಟಾಗಿದೆ. ನೀನೇನು ಹೊಸದು ಕಂಡುಹಿಡಿದದ್ದು!"

ಅವನು ನಕ್ಕಿದ್ದು ಪಕ್ಕದ ಮನೆಗೂ ಕೇಳಿರಬೇಕು. ಆಮೇಲೆ ಪ್ರತಿ ಶೋನಲ್ಲೂ ಮೊದಲ ಹಾಡು ಮುಗಿಸಿ, "ನಮ್ಮ ಆಂಟಿ ಹೇಳ್ತಾರೆ, ಇದನ್ನೆಲ್ಲ ನಮ್ಮೂರಲ್ಲಿ ಮಾಡಿ ಬಿಟ್ಟಾಗಿದೆ ಅಂತ" ಎನ್ನುತ್ತಿದ್ದನಂತೆ. ಅಮೆರಿಕದ ಜನಕ್ಕೆ ಏನು ಅರ್ಥವಾಗುತ್ತಿತ್ತೋ, ಕೂಗುತ್ತಿದ್ದರಂತೆ.

ಕೋಟು ಚೆನ್ನಾಗಿಯೇ ಬಂತು. ಅಂಚನ್ನು ಕೊರಳಪಟ್ಟಿಗೆ ತಿರುಗಿಸಿದೆ, ಸೆರಗನ್ನು ಬೆನ್ನಿಗೆ ಇಟ್ಟೆ. ನನ್ನ ಕೈ ಹೊಲಿಗೆಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಂಥ ಕೋಟು ಟೆಕ್ಸಾಸಿನಲ್ಲೇ ಇನ್ನೊಬ್ಬರ ಮೈಮೇಲೆ ಇರಲಿಲ್ಲ.

ಅವನ ಶೋ ನೋಡಲು ಯಜಮಾನರನ್ನು ಎಳೆದುಕೊಂಡು ಆಸ್ಟಿನ್ನಿಗೆ ಹೋದೆ. ಅಷ್ಟು ಹೊತ್ತಿಗೆ ಡಲ್ಲಾಸಿನ ಸಣ್ಣ ಕ್ಲಬ್ಬುಗಳನ್ನು ದಾಟಿ ಅವನು ಅಲ್ಲಿಯ ದೊಡ್ಡ ಜಾಗಗಳಲ್ಲಿ ಹಾಡುತ್ತಿದ್ದ. ರೆಡ್ ರಿವರ್ ಬೀದಿಯಲ್ಲಿ ಬಾಗಿಲಿನಾಚೆಗೂ ಜನ. ಯಜಮಾನರು ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಒರಗಿದರು. ಲೈಟು ಬಿದ್ದಾಗ ಅವನು ಬೆನ್ನು ತೋರಿಸಿ ನಿಂತಿದ್ದ. ಅವನಮ್ಮನ ಸೆರಗು ಝಗ್ಗೆಂದಿತು. ತಿರುಗಿದ. ಮುಖಕ್ಕೆ ಬೆಳ್ಳಿ ಬಣ್ಣ, ಕೆನ್ನೆಗೆ ಮಿಂಚು. ಮೇಲಿನ ಸ್ವರಕ್ಕೆ ಹೋಗುವಾಗ ಹೆಬ್ಬೆರಳನ್ನು ಗಂಟಲ ಗುಳಿಗೆ ಒತ್ತಿಕೊಳ್ಳುತ್ತಿದ್ದ, ಅಲ್ಲೊಂದು ಗುಂಡಿ ಬಿಚ್ಚಿಹೋಗಿದೆಯೇ ಎಂದು ನೋಡುವವನ ಹಾಗೆ. ಆ ದನಿಯನ್ನು ಹೇಗೆ ಹೇಳಲಿ? ನನಗೆ ಆ ಸಂಗೀತ ಹಿಡಿಸಲಿಲ್ಲ. ಆದರೆ ಅವನು ಒಂದು ಸ್ವರವನ್ನು ಹಿಡಿದು ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಗೊತ್ತಿಲ್ಲ. ಯಜಮಾನರು ಹತ್ತಿ ತೆಗೆದರು.

ಶೋ ಮುಗಿದ ಮೇಲೆ ಫುಟ್‌ಪಾತಿನ ಅಂಚಿನಲ್ಲಿ ಅದೇ ವೇಷದಲ್ಲಿ ಕೂತು ನಾನು ತಂದಿದ್ದ ಮೊಸರನ್ನ ತಿಂದ. ಉಪ್ಪಿನಕಾಯಿ ಮರೆತಿದ್ದಕ್ಕೆ ನನ್ನನ್ನು ಬೈದ. ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಬಂದರೆ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ.

ಆ ಕಾಲದಲ್ಲಿ ಅವನಿಗೆ ಎಲ್ಲವೂ ಇತ್ತು. ಇಲ್ಲದ್ದು ಒಂದೇ: ಅಪ್ಪ ಒಮ್ಮೆ ಬಂದು ಕೇಳಬೇಕು. ಹೂಸ್ಟನ್ನಿನಲ್ಲಿ ಶೋ ಇದ್ದಾಗಲೆಲ್ಲ ಬಾಗಿಲಲ್ಲಿ ಅಪ್ಪನ ಹೆಸರಿಗೊಂದು ಟಿಕೆಟ್ ಬರೆಸಿಡುತ್ತಿದ್ದ. ಮುಗಿದ ಮೇಲೆ ಬಣ್ಣ ತೆಗೆಯುವ ಮೊದಲು ಹೋಗಿ ವಿಚಾರಿಸುತ್ತಿದ್ದ. ಟಿಕೆಟ್ಟು ಅಲ್ಲೇ ಇರುತ್ತಿತ್ತು.

ಅಪ್ಪ ಕೆಟ್ಟವರಲ್ಲ, ಹಟಮಾರಿ. ಆಸ್ಟಿನ್ನಿನ ಒಂದು ಪತ್ರಿಕೆಯಲ್ಲಿ ಮಗನ ಫೋಟೋ ಬಂದದ್ದನ್ನು ಯಾರೋ ಪುಣ್ಯಾತ್ಮರು ಅವರಿಗೆ ಒಯ್ದು ತೋರಿಸಿದರು. ಬಣ್ಣ ಬಳಿದ ಮುಖದ ಜೊತೆಗೆ ಕೊರಳಪಟ್ಟಿಯ ಅಂಚನ್ನೂ ಅವರು ಗುರುತು ಹಿಡಿದರು. ಮಗನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರಂತೆ: "ಮೊದಲ ಆ ಬಣ್ಣ ತೊಳಕೊಂಡ ಬಾ. ಆಮ್ಯಾಲೆ ಮಾತು." ಇವನು ತೊಳೆದುಕೊಳ್ಳುವವನಲ್ಲ. ಅಲ್ಲಿಗೆ ಮಾತು ನಿಂತಿತು.

ನನ್ನ ನಂಬರನ್ನೂ ಎಲ್ಲಿಂದಲೋ ಹುಡುಕಿ ಫೋನ್ ಮಾಡಿದರು.

"ಕತ್ತರಿ ಹಾಕಿದವ್ರು ನೀವ ಏನ್ರೀ?"

"ಹೌದು, ನಾನೇ" ಎಂದೆ. ನನಗೇನು ಹೆದರಿಕೆ.

"ನಮ್ಮಾಕಿ ಅದನ್ನ ಮದುವ್ಯಾಗ ಉಟ್ಟಿದ್ಲ್ರೀ" ಎಂದು ಫೋನ್ ಇಟ್ಟರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಬೈಯಲಿಲ್ಲ.

ಇಳಿಗಾಲ ಯಾವಾಗ ಶುರುವಾಯಿತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಒಮ್ಮೆ ಬಂದಾಗ ಗಿಟಾರಿನವನು ಬಿಟ್ಟುಹೋದ ಎಂದ. ಇನ್ನೊಮ್ಮೆ, ಆಸ್ಟಿನ್ನಿನ ಆ ಕ್ಲಬ್ಬನ್ನು ಕೆಡವಿ ಹೋಟೆಲು ಕಟ್ಟುತ್ತಿದ್ದಾರೆ ಎಂದ. ಜನಕ್ಕೆ ಈಗ ಕಂಪ್ಯೂಟರಿನ ಸಂಗೀತ ಬೇಕು, ಮುಖಕ್ಕೆ ಬಣ್ಣ ಹಚ್ಚಿದವನನ್ನು ಕಂಡರೆ ಅವರಿಗೆ ನಗು ಎಂದ. ದೊಡ್ಡ ಜಾಗದಿಂದ ಸಣ್ಣ ಜಾಗಕ್ಕೆ, ಸಣ್ಣ ಜಾಗದಿಂದ ಬಾರಿನ ಮೂಲೆಗೆ ಬಂದ. ಕುಡಿತವೂ ಹತ್ತಿತು, ಸಿಗರೇಟಂತೂ ಮೊದಲಿನಿಂದ ಇದ್ದದ್ದೇ. ನಾನು ಬೈದರೆ "ಹೌದ್ರಿ" ಎನ್ನುತ್ತಿದ್ದ.

ಡಲ್ಲಾಸಿನ ಹತ್ತಿರದ ಮರ್ಫಿ ಎಂಬ ಊರಿನಲ್ಲಿ ಕಳೆದ ಆ ಮಧ್ಯಾಹ್ನವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಪರಿಚಯದವರೊಬ್ಬರ ಮಗಳ ಹುಟ್ಟುಹಬ್ಬ. ಹೊಸ ಮನೆ, ಹಿತ್ತಲಲ್ಲಿ ಶಾಮಿಯಾನ. ಹಾಡುವುದಕ್ಕೆ ಇವನನ್ನು ಕರೆಸಿ ಎಂದು ನಾನೇ ಹೇಳಿದ್ದೆ. ಪೂರ್ತಿ ವೇಷದಲ್ಲಿ ಬಂದ, ಬೆಳ್ಳಿ ಮುಖ, ಜರಿ ಕೋಟು, ಎತ್ತರದ ಬೂಟು. ಬಣ್ಣದ ಪೆಟ್ಟಿಗೆ ಕೈಯಲ್ಲೇ ಇತ್ತು. ಅದನ್ನು ನೋಡಿ ಮಕ್ಕಳೆಲ್ಲ ಸಾಲಾಗಿ ನಿಂತುಬಿಟ್ಟವು. ಮುಖಕ್ಕೆ ಹುಲಿ, ಚಿಟ್ಟೆ ಬರೆಯುವವನು ಬಂದಿದ್ದಾನೆ ಎಂದುಕೊಂಡವು ಅವು. ಮನೆಯಾಕೆ ಓಡಿಬಂದು, "ಹೇಗೂ ಬಂದಿದೀರಲ್ಲ, ಸ್ವಲ್ಪ ಹಚ್ಚಿಬಿಡಿ, ಮಕ್ಕಳು ಖುಷಿಪಡ್ತಾವೆ, ಹಾಡೋದು ಆಮೇಲೆ ನೋಡೋಣ" ಎಂದಳು.

"ರೀ, ಅವನು ಸಿಂಗರ್ ಕಣ್ರೀ!" ಎಂದು ನಾನು ಜೋರು ಮಾಡಿದೆ.

ಅವನು ನನ್ನ ಕೈ ಹಿಡಿದು, "ಇರ್ಲಿ ಬಿಡಿ ಆಂಟಿ" ಎಂದು ಹುಲ್ಲಿನ ಮೇಲೆ ಮಂಡಿಯೂರಿ ಕೂತ. ಒಂದು ಮಗುವಿಗೆ ಹುಲಿ, ಒಂದಕ್ಕೆ ಚಿಟ್ಟೆ. ಕೇಕು ಕತ್ತರಿಸಿದರು, ಊಟ ಆಯಿತು, ಜನ ಹೊರಟರು. ಹಾಡು ಎಂದು ಯಾರೂ ಕೇಳಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಅವನು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. ದನಿ ಗೊರಗೊರ ಎನ್ನುತ್ತಿತ್ತು. "ಹಾಡು ಅಂದಿದ್ರೂ ಆಗ್ತಿರ್ಲಿಲ್ಲ ಆಂಟಿ. ಗಂಟಲು ಕಟ್ಟಿದೆ."

ನಮ್ಮ ಮನೆಗಳಲ್ಲಿ ಗಂಟಲು ಕಟ್ಟಿದೆ ಎಂದರೆ ಮುಗಿಯಿತು. ಶುಂಠಿ, ಕಾಳುಮೆಣಸು, ಜ್ಯೇಷ್ಠಮಧು ಹಾಕಿ ಕಷಾಯ. ಒಬ್ಬ ಆಂಟಿ ಅರಿಶಿನದ ಹಾಲು ಎಂದಳು, ಇನ್ನೊಬ್ಬಳು ಉಪ್ಪುನೀರು ಮುಕ್ಕಳಿಸು ಎಂದಳು. ಅವನು ಎಲ್ಲವನ್ನೂ ಭಕ್ತಿಯಿಂದ ಮಾಡಿದ. ಡಾಕ್ಟರ ಹತ್ತಿರ ಹೋದರೆ ಹಾಡಬೇಡ ಎನ್ನುತ್ತಾರೆಂದು ಅವನಿಗೆ ಭಯ. ನಮ್ಮ ಕಷಾಯ ಹಾಗೇನೂ ಅನ್ನುವುದಿಲ್ಲವಲ್ಲ. ಕೊನೆಗೆ ನಮ್ಮ ಯಜಮಾನರೇ, "ಚಳಿಗಾಲದಲ್ಲಿ ಕಟ್ಟಿದ ಗಂಟಲು ಬೇಸಿಗೆ ಮುಗಿದರೂ ಬಿಡಲಿಲ್ಲ ಅಂದ್ರೆ ಇದು ಬೇರೆ ಏನೋ" ಎಂದು ಅವನನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ಬೇರೆ ಏನೋ ಎಂದರೆ ಕ್ಯಾನ್ಸರು. ದನಿಪೆಟ್ಟಿಗೆಯಲ್ಲಿ.

ಆಪರೇಷನ್ ಹೂಸ್ಟನ್ನಿನಲ್ಲಿ. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು ಎಂದರು. ಅಪ್ಪನ ಮನೆ ಆಸ್ಪತ್ರೆಯಿಂದ ದೂರವೇನಲ್ಲ. ಅವರಿಗೆ ಹೇಳುತ್ತೇನೆ ಕಣೋ ಎಂದು ಅಂಗಲಾಚಿದೆ. ಕೇಳಲಿಲ್ಲ. "ಪಾಪ ಅಂತ ಬರೋದು ಬೇಡ ಆಂಟಿ. ನಾನೇ ಮಾತಾಡ್ತೀನಿ." ಆಪರೇಷನ್ನಿನ ಹಿಂದಿನ ಸಂಜೆ, ಕಿಟಕಿಯ ಹತ್ತಿರ ನಿಂತು, ಇದ್ದಬದ್ದ ದನಿಯಲ್ಲಿ ಏನೋ ಗುನುಗಿದ. ಮಧ್ಯದಲ್ಲಿ ಒಡೆಯಿತು. ಮತ್ತೆ ಶುರುಮಾಡಲಿಲ್ಲ.

ಆಮೇಲೆ ಅವನ ಕತ್ತಿನಲ್ಲೊಂದು ತೂತು, ಉಸಿರಾಟ ಅಲ್ಲಿಂದಲೇ. ಅದರ ಮೇಲೊಂದು ತೆಳು ಬಟ್ಟೆ. ಮಾತಾಡಲು ಒಂದು ಮಷೀನು ಕೊಟ್ಟರು, ಟಾರ್ಚಿನಷ್ಟು ಉದ್ದ. ಗುಂಡಿ ಒತ್ತಿ ದವಡೆಯ ಕೆಳಗೆ ಹಿಡಿದರೆ ಗುಯ್ಯೆಂದು ಸದ್ದು. ಬಾಯಿ ಆಡಿಸಿದಂತೆ ಅದೇ ಸದ್ದು ಮಾತಾಗುತ್ತದೆ. ಏರಿಲ್ಲ, ಇಳಿವಿಲ್ಲ. ಪ್ರಶ್ನೆ ಕೇಳಿದರೂ ಒಂದೇ, ಕೂಗಿದರೂ ಒಂದೇ. ಆ ಗಂಟಲಿನಿಂದ ಬಂದ ಸ್ವರ ಕೇಳಿದ್ದ ನಾನು ಮೊದಲ ಸಲ ಅದನ್ನು ಕೇಳಿ ಬಚ್ಚಲಿಗೆ ಹೋಗಿ ಅತ್ತೆ.

ಡಲ್ಲಾಸಿಗೆ ವಾಪಸು ಬಂದ ಮೇಲೆ ನಮ್ಮ ಊಟದ ಮೇಜಿನ ಮುಂದೆ ಕೂತು ಅಭ್ಯಾಸ ಶುರುಮಾಡಿದ. ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡಬೇಕಂತೆ. ಕನ್ನಡಿಯ ಮುಂದೆ ಹೋಗಿ ಖಾಲಿ ಮುಖವನ್ನು ತೋರಿಸಿ, ಮಷೀನು ಹಿಡಿದು ಹೇಳಿದ: "ಬಣ್ಣ ತೊಳೆದಾಯ್ತು. ಈಗ ಮಾತು." ನಗುತ್ತಿದ್ದ. ನಗುವಿಗೆ ಸದ್ದಿರಲಿಲ್ಲ.

"ಅಪ್ಪಾ, ನಾನು" ಎನ್ನುವುದನ್ನೇ ಹೇಳಿ ಹೇಳಿ ಹದಮಾಡಿದ. ಮಷೀನಿನಲ್ಲಿ "ಅಪ್ಪಾ" ಎಂಬುದು "ಅಬ್ಬಾ" ಆಗುತ್ತಿತ್ತು. ತುಟಿಯನ್ನು ಒತ್ತಿ ಹಿಡಿ, ಗುಂಡಿಯನ್ನು ಒಂದು ಕ್ಷಣ ಬಿಡು ಎಂದು ನಾನು, ಹಾಗಲ್ಲ ಹೀಗೆ ಎಂದು ಯಜಮಾನರು. ಒಂದು ಮಧ್ಯಾಹ್ನ ಸ್ಪಷ್ಟವಾಗಿ "ಅಪ್ಪಾ" ಬಂತು. ಮೂವರೂ ಚಪ್ಪಾಳೆ ತಟ್ಟಿದೆವು.

ಆ ವಾರ ತನ್ನ ಮನೆಯಿಂದ, ಒಬ್ಬನೇ ಇದ್ದಾಗ, ಅಪ್ಪನಿಗೆ ಫೋನ್ ಮಾಡಿದ. ಅವನ ನಂಬರು ಎಂದೋ ಬದಲಾಗಿತ್ತು. ಅಪ್ಪನಿಗೆ ಅದು ಗುರುತಿಲ್ಲದ ನಂಬರು. ನಾನು ಏನಾಯ್ತೋ ಎಂದರೆ, "ಎತ್ತಲಿಲ್ಲ" ಎಂದ. ಇನ್ನೊಮ್ಮೆ ಮಾಡು ಎಂದೆ. ಮಷೀನನ್ನು ಜೇಬಿಗೆ ಹಾಕಿಕೊಂಡ.

ಆ ದಿನಗಳಲ್ಲಿ ನಮ್ಮ ಜನಕ್ಕೆಲ್ಲ ಮೋಸದ ಫೋನುಗಳ ಕಾಟ. ಟ್ಯಾಕ್ಸ್ ಆಫೀಸಿನಿಂದ ಮಾತಾಡುತ್ತಿದ್ದೇವೆ, ಅರೆಸ್ಟ್ ಮಾಡುತ್ತೇವೆ ಎಂದು ಯಂತ್ರದ ದನಿಯಲ್ಲಿ ಹೆದರಿಸುವುದು. ಹಾಗಾಗಿ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ದಿನಬೆಳಗಾದರೆ ಎಚ್ಚರಿಕೆಯೇ. ಒಂದು ಬೆಳಗ್ಗೆ ಯಜಮಾನರು ಕಾಫಿ ಕುಡಿಯುತ್ತಾ ಜೋರಾಗಿ ನಕ್ಕು, "ಇಲ್ಲಿ ಕೇಳೇ, ಹೂಸ್ಟನ್ನಿಂದ ಬಂದಿದೆ" ಎಂದು ಓದಿದರು:

"ಎಲ್ಲರೂ ಎಚ್ಚರದಿಂದಿರಿ. ಮೋಸಗಾರರು ಈಗ ಕನ್ನಡವನ್ನೂ ಕಲಿತಿದ್ದಾರೆ. ನನಗೆ ನಿನ್ನೆ ಫೋನ್ ಬಂದಿತ್ತು. ಯಂತ್ರದ ದನಿ. 'ಅಪ್ಪಾ, ನಾನು' ಎನ್ನುತ್ತದೆ. ವಯಸ್ಸಾದವರು ಮೋಸ ಹೋಗಬೇಡಿ. ಬೈದು ಕೂಡಲೇ ಕಟ್ ಮಾಡಿ. ನಾನು ಹಾಗೇ ಮಾಡಿದೆ."

ಓದುತ್ತಾ ಓದುತ್ತಾ ಅವರ ನಗು ಎಲ್ಲಿ ನಿಂತಿತೋ. ಲೋಟ ಕೆಳಗಿಟ್ಟರು. ಆ ಸಂದೇಶದ ಕೆಳಗೆ ಜನ ನಗುವ ಮುಖಗಳನ್ನು ಹಾಕಿದ್ದರು. ಧನ್ಯವಾದ ಸರ್, ನಮ್ಮ ಗುಂಪಿಗೂ ಕಳಿಸುತ್ತೇವೆ ಎಂದಿದ್ದರು.

ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಅವನ ಮನೆಗೆ ಓಡಿದೆ. ಫೋನ್ ಕೊಡು, ನಿಮ್ಮಪ್ಪನಿಗೆ ನಾನು ಹೇಳುತ್ತೇನೆ ಎಂದು ಕೂಗಾಡಿದೆ. ಅವನು ನನ್ನನ್ನು ಕೂರಿಸಿ, ನೀರು ಕೊಟ್ಟು, ಮಷೀನು ತೆಗೆದ. "ಹೇಳ್ಬೇಡಿ ಆಂಟಿ. ಗೊತ್ತಾದ್ರೆ ಅವರು ಬದುಕಲ್ಲ." ಅದೇ ಸಪಾಟು ದನಿ. ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡ. ಆಣೆ ಹಾಕಿಸಿಕೊಳ್ಳುವುದು ಹೀಗೆ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ, ಅಮ್ಮನೇ ಇರಬೇಕು.

ಕಾಯಿಲೆ ಮರಳಿ ಬರಲು ತಡವಾಗಲಿಲ್ಲ. ಮತ್ತೆ ಹೂಸ್ಟನ್ನು, ಅದೇ ಆಸ್ಪತ್ರೆ. ಪ್ರಜ್ಞೆ ತಪ್ಪಿದ ದಿನ ನಾನು ಆಣೆ ಮುರಿಯದಂತೆ ಅವರಪ್ಪನಿಗೆ ಇಷ್ಟೇ ಹೇಳಿದೆ: "ನಿಮ್ಮ ಮಗನಿಗೆ ಹುಷಾರಿಲ್ಲ, ತಕ್ಷಣ ಬನ್ನಿ." ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಶರಟು. ಮಂಚದ ಪಕ್ಕದಲ್ಲಿ ಕೂತು, ಬಣ್ಣವಿಲ್ಲದ ಆ ಮುಖವನ್ನೇ ನೋಡಿದರು. ಕತ್ತಿನ ಮೇಲಿನ ಬಟ್ಟೆಯನ್ನು ನೋಡಿದರು. ಏನಾಗಿತ್ತೆಂದು ಡಾಕ್ಟರು ಹೇಳಿದ್ದನ್ನು ತಲೆ ಆಡಿಸುತ್ತಾ ಕೇಳಿದರು. ಮರುದಿನ ಮಧ್ಯಾಹ್ನ ಅವನು ಹೋದ.

ಹೊರಗೆ ಕುರ್ಚಿಗಳ ಸಾಲಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಕೇಳಿದರು. "ಕಡೀಕ ನನ್ನ ಕೂಡ ಒಂದ್ ಮಾತ ಆಡಬಹುದಿತ್ತಲ್ರೀ ಅಂವ. ಹಟಾ ನಂದೂ ಇತ್ತು, ಖರೆ. ಆದ್ರ ಫೋನ್ ಮಾಡಿದ್ರ ನಾ ಮಾತಾಡ್ತಿದ್ದಿಲ್ಲೇನು?"

ನನ್ನ ಬಾಯಿ ಯಾವತ್ತೂ ಸುಮ್ಮನಿರುವ ಬಾಯಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

"ಗಂಟಲನ್ನೇ ತೆಗೆದಿದ್ರಲ್ಲ ಸರ್. ಮಾತಾಡೋಕೆ ಆಗ್ತಾನೇ ಇರಲಿಲ್ಲ ಅವನಿಗೆ."

ಅವರು ತಲೆ ಆಡಿಸಿದರು. ಆಗ ನರ್ಸ್ ಬಂದು ಅವನ ಸಾಮಾನಿದ್ದ ಪ್ಲಾಸ್ಟಿಕ್ ಚೀಲವನ್ನು ಅಪ್ಪನ ಕೈಗೆ ಕೊಟ್ಟಳು. ನಾನು ತೆಗೆದುಕೊಳ್ಳುವಷ್ಟರಲ್ಲಿ ಅವರು ಒಂದೊಂದನ್ನೇ ಮಡಿಲಲ್ಲಿ ಇಡತೊಡಗಿದ್ದರು. ಕನ್ನಡಕ, ಬೀಗದಕೈ, ಒಂದು ಸ್ವೆಟರು. ಕೊನೆಗೆ ಮಷೀನು. ಇದೇನೆಂದು ತಿರುಗಿಸಿ ನೋಡಿ, ಇಂಜಿನಿಯರಲ್ಲವೇ, ಗುಂಡಿ ಒತ್ತಿದರು.

ಗುಯ್ಯೆಂದಿತು.

ಬೆರಳು ತೆಗೆದರು. ಇನ್ನೊಮ್ಮೆ ಒತ್ತಿದರು. ನಾನು ಅವರ ಕಡೆ ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ. ಸದ್ದು ನಿಂತ ಮೇಲೆ ಅವರು ಶರಟಿನ ಜೇಬಿನಿಂದ ತಮ್ಮ ಫೋನ್ ತೆಗೆದು, ತಡಕಾಡಿ, ಆ ಹಳೆಯ ಸಂದೇಶವನ್ನು ಹುಡುಕಿ ನನ್ನ ಮುಂದೆ ಹಿಡಿದರು.

"ಇದನ್ನ ಹೆಂಗ ತಗೀಬೇಕ್ರೀ?"

"ಆಗಲ್ಲ ಸರ್" ಎಂದೆ. "ಎಲ್ಲಾ ಕಡೆ ಹೋಗಿಬಿಟ್ಟಿದೆ."

ಅವರು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಒರೆಸುತ್ತಲೇ ಇದ್ದರು, ಅಕ್ಷರ ಹೋಗುತ್ತದೇನೋ ಎಂಬಂತೆ.

"ಎರಡ ಸಲ ಅಂತು ನೋಡ್ರೀ" ಎಂದರು. "ನಾ ಇಲ್ಲಿ ಒಮ್ಮೆ ಅಷ್ಟ ಬರದೀನಿ. ಬೈಲಿಕ್ಕೆ ಹತ್ತಿದ ಮ್ಯಾಲೂ ಇನ್ನೊಮ್ಮೆ ಅಂತು, ಅಪ್ಪಾ ಅಂತ." ತಾವೇ ತಿದ್ದಿಕೊಂಡರು. "ಅಂದಾ. ಎರಡ ಸಲ ಅಪ್ಪಾ ಅಂದಾ."